ಸಾಯ್ಲಿಲ್ಲ ಅಂದ ಕೂಡ್ಲೆ ಸೇಫ್ ಆಗ್ಲಿಲ್ಲ ಮಾರಾಯ್ರೆ

ನಮಸ್ಕಾರ ಎಲ್ರಿಗೂ. ಇವತ್ತು ಸುರಂಗದ ಬಗ್ಗೆ ಮಾತಾಡ್ಲಿಕ್ಕಿತ್ತು, ನಮ್ಮ ಕಾಸರಗೋಡಿನ ಬಾಯಾರು, ಪೆರ್ಲ ಕಡೆಯಲ್ಲಿ ನೀರಿಗೆ ಅಂತ ಗುಡ್ಡ ಕೊರೆದ ಸುರಂಗ, ನೋಟ್ಸ್ ಎಲ್ಲ ರೆಡಿ ಮಾಡಿ ಇಟ್ಟಿದ್ದೆ, ಅದು ಮುಂದಿನ ವಾರಕ್ಕೆ ಹೋಯ್ತು. ಯಾಕಂದ್ರೆ ನಿನ್ನೆ ರಾತ್ರಿ ಊಟ ಮಾಡಿ ಕಮೆಂಟ್ ನೋಡ್ಲಿಕ್ಕೆ ಕೂತೆ, ಅಲ್ಲಿ ಒಂದು ಕಮೆಂಟ್, ಓದಿದ ಮೇಲೆ ನಿದ್ದೆ ಬರ್ಲಿಲ್ಲ.

ಹೋದ ವಾರದ ವಿಡಿಯೋದಲ್ಲಿ ನಾನು ಹೇಳಿದ್ದು ಇಷ್ಟೇ, ಅಡಿಕೆಗೆ ಮದ್ದು ಬಿಟ್ಟ ಮೇಲೆ ಸ್ಪ್ರೇಯರು, ಡ್ರಮ್ಮು, ಪೈಪು ಎಲ್ಲ ತೋಡಲ್ಲಿ, ಅಂದ್ರೆ ಹರಿಯುವ ಸಣ್ಣ ಹಳ್ಳದಲ್ಲಿ, ತೊಳಿಬೇಡಿ, ಮೀನು ಉಂಟು, ಏಡಿ ಉಂಟು, ಕೆಳಗೆ ನೀರು ಕುಡಿಯುವ ದನ ಉಂಟು. ಅದಕ್ಕೆ ಒಬ್ಬರು ಬರೆದದ್ದು ಕೇಳಿ: "ಅಣ್ಣ, ಸುಮ್ನೆ ಜನರನ್ನು ಹೆದರಿಸ್ಬೇಡಿ. ಸ್ಪ್ರೇಯರ್ ತೊಳೆದ ನೀರು ಒಂದು ಬಕೆಟ್ ತಗೊಂಡು ಆರು ಗಪ್ಪಿ ಮೀನು ಹಾಕಿ ಇಟ್ಟೆ. ಬೆಳಿಗ್ಗೆ ನೋಡಿದ್ರೆ ಆರೂ ಜೀವಂತ. ಟೆಸ್ಟ್ ಆಯ್ತು, ಸೇಫ್." ಕೆಳಗೆ 140 ಲೈಕು. ನನ್ನ ವಿಡಿಯೋದ ಕೆಳಗೆ ನನಗಿಂತ ಅವರ ಬಕೆಟ್ಟಿಗೆ ಹೆಚ್ಚು ಮರ್ಯಾದೆ.

ತಮ್ಮ, ನಿನ್ನ ಮೇಲೆ ನನಗೆ ಕೋಪ ಇಲ್ಲ. ಆದ್ರೆ ನಿನ್ನ ಟೆಸ್ಟಿನ ಮೇಲೆ ಉಂಟು, ತುಂಬಾ ಉಂಟು. ಸಾಯ್ಲಿಲ್ಲ ಅಂದ ಕೂಡ್ಲೆ ಸೇಫ್ ಆಗ್ಲಿಲ್ಲ. ಇದನ್ನು ಇವತ್ತು ಎಷ್ಟು ಸಲ ಹೇಳ್ತೇನೆ ಅಂತ ಲೆಕ್ಕ ಹಾಕ್ಕೊಳ್ಳಿ.

ಈ ಕೆಲಸ ನಾನು ಮಾಡಿದವ. ಎಮ್ಮೆಸ್ಸಿ ಮಾಡುವಾಗ ಲ್ಯಾಬಲ್ಲಿ ಮೀನಿನ ಟ್ಯಾಂಕ್ ಎದುರು ನಾಲ್ಕು ದಿನ ನಾಲ್ಕು ರಾತ್ರಿ ಕೂತಿದ್ದೇನೆ. ನಾಲ್ಕು ದಿನ ಯಾಕೆ? ಯಾಕಂದ್ರೆ ಮೀನಿನ ಅಲ್ಪಾವಧಿ ವಿಷ ಪರೀಕ್ಷೆ ಅಂದ್ರೆ 96 ಗಂಟೆ. ಒಇಸಿಡಿ ಅಂತ ದೇಶಗಳ ಒಂದು ಒಕ್ಕೂಟ ಉಂಟು, ಅವರ 203ನೇ ನಂಬ್ರದ ಗೈಡ್‌ಲೈನು, 1981ರಿಂದ ಉಂಟು, 2019ರಲ್ಲಿ ಮತ್ತೆ ತಿದ್ದಿದ್ರು. ಅದ್ರಲ್ಲಿ ಮೊದಲು ಮೀನನ್ನು ಆ ನೀರಿಗೆ, ಆ ಬಿಸಿಗೆ ದಿನಗಟ್ಟಲೆ ಒಗ್ಗಿಸ್ಬೇಕು. ಮತ್ತೆ ಕಡಿಮೆಯಿಂದ ಹೆಚ್ಚಿಗೆ ಐದು ಪ್ರಮಾಣದಲ್ಲಿ ರಾಸಾಯನಿಕ ಕಲಸಿ ಐದು ಟ್ಯಾಂಕು, ಒಂದೊಂದರಲ್ಲಿ ಕಡಿಮೆ ಅಂದ್ರೂ ಏಳು ಮೀನು. ಆರನೇ ಟ್ಯಾಂಕಲ್ಲಿ ಎಂತ ಗೊತ್ತುಂಟಾ? ಬರೀ ನೀರು ಮತ್ತು ಮೀನು. ಮದ್ದಿಲ್ಲ. ಅದು ಹೋಲಿಸಿ ನೋಡ್ಲಿಕ್ಕೆ. ಮದ್ದೇ ಇಲ್ಲದ ಆ ಟ್ಯಾಂಕಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಸತ್ರೆ ಇಡೀ ಟೆಸ್ಟ್ ಕ್ಯಾನ್ಸಲ್, ಮತ್ತೆ ಮೊದಲಿಂದ. ನೀರಲ್ಲಿ ಆಮ್ಲಜನಕ ಅರುವತ್ತು ಪರ್ಸೆಂಟಿಗಿಂತ ಕೆಳಗೆ ಇಳಿಯುವ ಹಾಗಿಲ್ಲ, ಇಳಿದ್ರೆ ಮೀನು ಮದ್ದಿಗೆ ಸತ್ತದ್ದಾ ಉಸಿರು ಸಿಕ್ಕದೆ ಸತ್ತದ್ದಾ ಹೇಗೆ ಗೊತ್ತಾಗ್ತದೆ? 24, 48, 72, 96, ಹೀಗೆ ಗಂಟೆ ಲೆಕ್ಕದಲ್ಲಿ ಸತ್ತದ್ದನ್ನು ಎಣಿಸ್ಬೇಕು. ಸತ್ತದ್ದು ಅಂತ ಹೇಳ್ಲಿಕ್ಕೂ ನಿಯಮ ಉಂಟು, ಕಿವಿರು ಆಡ್ಬಾರ್ದು, ಬಾಲದ ಬುಡ ಮುಟ್ಟಿದ್ರೆ ಅಲುಗ್ಬಾರ್ದು.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಒಂದು ಸಂಖ್ಯೆ. ಎಲ್‌ಸಿ 50. ಆ 50 ಅಂದ್ರೆ ಪಾಸ್ ಮಾರ್ಕ್ ಅಲ್ಲ! ಅದು ನಾಲ್ಕು ದಿನದಲ್ಲಿ ಅರ್ಧ ಮೀನು ಸಾಯುವ ಪ್ರಮಾಣ. ನೂರು ಮೀನಿದ್ರೆ ಐವತ್ತು ಹೆಣ. ಅಷ್ಟೇ ಅದು ಹೇಳುವುದು. ಉಳಿದ ಐವತ್ತು ಮೀನು ಆರಾಮಲ್ಲಿ ಉಂಟು ಅಂತ ಆ ಸಂಖ್ಯೆ ಎಲ್ಲಿಯೂ ಹೇಳುವುದಿಲ್ಲ. ಆ ಐವತ್ತನ್ನು ನಾನು ನೋಡಿದ್ದೇನೆ ಮಾರಾಯ್ರೆ. ಒಂದು ವಾಲಿ ಈಜ್ತದೆ, ಒಂದು ಮೇಲೆ ಬಂದು ಬಾಯಿ ಬಾಯಿ ಬಿಡ್ತದೆ, ಒಂದು ಕಪ್ಪಾಗಿ ಅಡಿಯಲ್ಲಿ ಬಿದ್ದಿರ್ತದೆ, ಕಿವಿರು ಮಾತ್ರ ಆಡ್ತದೆ. ರಿಜಿಸ್ಟರಿನಲ್ಲಿ ನಾವು ಬರೆದದ್ದು ಎಂತ? ಜೀವಂತ. 2019ರ ತಿದ್ದುಪಡಿಯಲ್ಲಿ ಇಂಥ ಲಕ್ಷಣಗಳನ್ನು ಇನ್ನೂ ವಿವರವಾಗಿ ಬರೀಬೇಕು ಅಂತ ಹೇಳಿದ್ದು ಸುಮ್ನೆ ಅಲ್ಲ.

ಸಾಯ್ಲಿಲ್ಲ ಅಂದ ಕೂಡ್ಲೆ ಸೇಫ್ ಆಗ್ಲಿಲ್ಲ. ಎರಡಾಯ್ತು.

ಈಗ ಬಕೆಟ್ಟಿಗೆ ಬರುವ. ಒಂದು ರಾತ್ರಿ ಅಂದ್ರೆ ಎಷ್ಟು, ಹತ್ತು ಗಂಟೆ? ಪಕ್ಕದಲ್ಲಿ ಮದ್ದಿಲ್ಲದ ಇನ್ನೊಂದು ಬಕೆಟ್ ಎಲ್ಲಿ? ನೀರಲ್ಲಿ ಮದ್ದು ಎಷ್ಟಿತ್ತು, ಅಳೆದದ್ದು ಯಾರು? ಗಪ್ಪಿ ಆ ಟೆಸ್ಟಿಗೆ ಹೇಳಿದ ಮೀನುಗಳ ಪಟ್ಟಿಯಲ್ಲಿಯೇ ಉಂಟು, ಅದು ಒಂದು ಮಾತ್ರ ನಿನ್ನ ಟೆಸ್ಟಲ್ಲಿ ಸರಿ ಇದ್ದದ್ದು.

ಮತ್ತೆ ಮುಖ್ಯ ವಿಷಯ, ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ, ಅಡಿಕೆ ತೋಟ ಇದ್ದವರಿಗೆಲ್ಲ ಬೇಕಾದದ್ದು. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಎಂತ? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತು ಅಂದ್ರೆ ತಾಮ್ರ. ತಾಮ್ರ ಮೀನಿನ ಕಿವಿರಿಗೆ ಹಿಡಿದು ಅದರ ಮೈಯ ಉಪ್ಪಿನ ಲೆಕ್ಕ ತಪ್ಪಿಸ್ತದೆ, ಸೋಡಿಯಂ ಹೊರಗೆ ಹೋಗ್ತಾ ಹೋಗ್ತಾ ಮೀನು ಸಾಯ್ತದೆ. ಆದ್ರೆ ನೀರಲ್ಲಿ ಕ್ಯಾಲ್ಸಿಯಂ ಇದ್ರೆ ಅದು ಕಿವಿರಿನ ಜಾಗಕ್ಕೆ ತಾಮ್ರದ ಜೊತೆ ಜಗಳ ಮಾಡ್ತದೆ, ಆಗ ಮೀನಿಗೆ ಸ್ವಲ್ಪ ರಕ್ಷಣೆ. ಹಾಗಾಗಿ ಒಂದೇ ತಾಮ್ರ, ಒಂದೇ ಮೀನು, ಗಡಸು ನೀರಲ್ಲಿ ಬದುಕ್ತದೆ, ಮೆದು ನೀರಲ್ಲಿ ಸಾಯ್ತದೆ. ನಮ್ಮ ಕಾಸರಗೋಡಿನ ನೀರು ಎಂಥದ್ದು? ಮುರಕಲ್ಲಿನ ಊರು ನಮ್ಮದು, ಮೆದು ನೀರು. ಮನೆಯಲ್ಲಿ ಚೂರು ಸೋಪು ಹಾಕಿದ್ರೂ ಬುರುಬುರು ನೊರೆ ಬರ್ತದಲ್ಲ, ಅದೇ ಸಾಕ್ಷಿ.

ಈಗ ನಿನ್ನ ಬಕೆಟ್ಟಲ್ಲಿ ಇದ್ದದ್ದು ಎಂತ ತಮ್ಮ? ಸ್ಪ್ರೇಯರ್ ತೊಳೆದ ನೀರು. ಅಂದ್ರೆ ಸುಣ್ಣದ ನೀರು, ಕ್ಯಾಲ್ಸಿಯಂ ಇರುವ ನೀರು! ತಾಮ್ರದ ಹೆಚ್ಚಿನ ಪಾಲು ಸುಣ್ಣದ ಜೊತೆ ಸೇರಿ ನೀಲಿ ಗಷ್ಟಾಗಿ ಅಡಿಯಲ್ಲಿ ಕೂತಿರ್ತದೆ. ನಿನ್ನ ಗಪ್ಪಿಯನ್ನು ಆ ರಾತ್ರಿ ಕಾಪಾಡಿದ್ದು ಸುಣ್ಣ. ತೋಡಲ್ಲಿ ಯಾರು ಸುಣ್ಣ ಕಲಸಿ ಇಟ್ಟಿದ್ದಾರೆ? ಆ ಗಷ್ಟು ತೋಡಿಗೆ ಹೋಗಿ ಕೂತು, ಮಳೆ ನೀರು ಅದರ ಮೇಲೆ ಹರಿದು ಹರಿದು ತಾಮ್ರ ಸ್ವಲ್ಪ ಸ್ವಲ್ಪವೇ ಕರಗ್ತದೆ, ಆಗ ಅಲ್ಲಿರುವ ಮೀನಿನ ಗತಿ ನಿನ್ನ ಬಕೆಟ್ ಹೇಳ್ತದಾ?

ಆಯ್ತು, ಮೀನು ಸಾಯ್ಲೇ ಇಲ್ಲ ಅಂತಲೇ ಇಟ್ಕೊಳ್ಳುವ. ಅಮೆರಿಕದಲ್ಲಿ ಸಾಲ್ಮನ್ ಮೀನಿನ ಮೇಲೆ ನೋಡಿದ್ದಾರೆ, ಒಂದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಸಾಕು, ಮೀನಿನ ಮೂಗು ಹೋಗ್ತದೆ. ಕೊಲ್ಲುವುದಿಲ್ಲ, ವಾಸನೆ ಗೊತ್ತಾಗುವುದಿಲ್ಲ ಅಷ್ಟೇ. ಒಂದು ಮೀನಿಗೆ ಗಾಯ ಆದ್ರೆ ಅದರ ಚರ್ಮದಿಂದ ಒಂದು ವಾಸನೆ ನೀರಿಗೆ ಬಿಡ್ತದೆ, ಬೇರೆ ಮೀನು ಅದನ್ನು ಹಿಡಿದು ಅಡಗ್ತವೆ. ಮೂಗು ಹೋದ ಮೀನಿಗೆ ಅದು ತಿಳಿಯುವುದಿಲ್ಲ, ಶತ್ರು ಎದುರು ಬಂದ್ರೂ ಆರಾಮಲ್ಲಿ ಈಜ್ತಾ ಇರ್ತದೆ, ನುಂಗಿಸ್ಕೊಳ್ತದೆ. ನಿನ್ನ ಬಕೆಟ್ಟಲ್ಲಿ ನುಂಗುವವ ಯಾರೂ ಇರ್ಲಿಲ್ಲವಲ್ಲ. ಹಾಗಾಗಿ ಆರೂ ಜೀವಂತ. ಮೂರನೇ ಸಲ ಹೇಳ್ತೇನೆ, ಸಾಯ್ಲಿಲ್ಲ ಅಂದ ಕೂಡ್ಲೆ ಸೇಫ್ ಆಗ್ಲಿಲ್ಲ!

ಒಂದು ನಿಮಿಷ, ಹೊಸದಾಗಿ ಬಂದವರು ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಕಾಸರಗೋಡಲ್ಲಿ ಕೂತು ಕನ್ನಡದಲ್ಲಿ ಮೀನು, ನೀರು, ಮಣ್ಣು ಅಂತ ವಿಡಿಯೋ ಮಾಡುವವರು ಎಷ್ಟು ಜನ ಇದ್ದಾರೆ ಹೇಳಿ. ಮೆಂಬರ್ ಆದವರಿಗೆ ಸುರಂಗದ ವಿಡಿಯೋ ಎರಡು ದಿನ ಮೊದಲೇ ಸಿಗ್ತದೆ. ಮತ್ತೆ ನಮ್ಮ ಮನೆಯ ಜೇನು ಈ ಸಲ ಒಳ್ಳೇದು ಬಂದಿದೆ, ತುಡುವೆ ಜೇನು, ಬೇಕಾದವರು ಬೇಗ ಹೇಳಿ, ಓಣಂಗೆ ಖಾಲಿ ಆಗ್ತದೆ.

ಇನ್ನೊಬ್ಬರು ಬರೆದದ್ದು, "ಬಾಟಲಿಯಲ್ಲಿ ಕೆಂಪು ತ್ರಿಕೋನ ಇಲ್ಲ, ನೀಲಿ ಉಂಟು, ಮತ್ತೆಂತ ಭಯ". ಮಾರಾಯ್ರೆ, ಆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ಇಲಿಯಂಥ ಪ್ರಾಣಿಗಳಿಗೆ ಕೊಟ್ಟು ನೋಡಿ ಮಾಡಿದ ಲೆಕ್ಕ. ಇಲಿಗೆ ಕಿವಿರು ಉಂಟಾ? ಮತ್ತೊಬ್ಬರು, "ನಮ್ಮ ಅಜ್ಜಂದಿರು ಕಾರೆಕಾಯಿ ಜಜ್ಜಿ ಹೊಂಡಕ್ಕೆ ಹಾಕಿ ಮೀನು ಹಿಡೀಲಿಲ್ವಾ". ಹಿಡಿದ್ರು, ಮೀನು ಸಾಯ್ಲಿ ಅಂತಲೇ ಹಾಕಿದ್ರು, ಸೇಫ್ ಅಂತ ಯಾವ ಅಜ್ಜನೂ ಹೇಳ್ಲಿಲ್ಲ. ಇನ್ನೊಬ್ಬರದ್ದು "ಬೋರ್ಡೋ ಸಾವಯವಕ್ಕೂ ಆಗ್ತದೆ". ಆಗ್ತದೆ, ನಾನೂ ಬಿಡ್ತೇನೆ, ಬಿಡದಿದ್ರೆ ಅಡಿಕೆ ಉಳಿಯುವುದಿಲ್ಲ ಅಂತ ನನಗೂ ಗೊತ್ತುಂಟು. ಮರಕ್ಕೆ ಬಿಡಿ ಅಂದೆ, ತೋಡಿಗೆ ಬಿಡ್ಬೇಡಿ ಅಂದೆ. ಇದ್ರಲ್ಲಿ ಅರ್ಥ ಆಗದ್ದು ಎಂತ?

ಆ 96 ಗಂಟೆಯ ಟೆಸ್ಟ್ ಮಾಡಿಸುವವರೇ ಅದೊಂದನ್ನೇ ನೋಡಿ ಸೇಫ್ ಅಂತ ನಂಬುವುದಿಲ್ಲ ಗೊತ್ತುಂಟಾ? ಯುರೋಪಿನ ರಾಸಾಯನಿಕ ನಿಯಮದಲ್ಲಿ ಮೀನು, ನೀರುಚಿಗಟ, ಪಾಚಿ, ಈ ಮೂರರ ಅಲ್ಪಾವಧಿ ಟೆಸ್ಟ್ ಮಾತ್ರ ಕೈಯಲ್ಲಿ ಇದ್ರೆ, ಎಲ್ಲಕ್ಕಿಂತ ಕಡಿಮೆ ಬಂದ ಸಂಖ್ಯೆ ತಗೊಂಡು 1000ದಿಂದ ಭಾಗಿಸ್ತಾರೆ. ಸಾವಿರದಿಂದ! ನಾಲ್ಕು ದಿನದ ಟೆಸ್ಟ್ ಎಂತ ಹೇಳ್ತದೆ, ಎಂತ ಹೇಳುವುದಿಲ್ಲ ಅಂತ ಅವರಿಗೆ ಗೊತ್ತುಂಟು. ಮೊಟ್ಟೆ ಇಡ್ತದಾ, ಮರಿ ಬೆಳೀತದಾ ಅಂತ ನೋಡ್ಲಿಕ್ಕೆ ಬೇರೆ ಟೆಸ್ಟು, ವಾರಗಟ್ಟಲೆ, ತಿಂಗಳುಗಟ್ಟಲೆ.

ಇದನ್ನು ಬೇರೆ ಊರಿನವರಿಗೆ ಹೇಳಿದ್ರೆ ಒಂದು ರೀತಿ. ಕಾಸರಗೋಡಿನವರಿಗೆ ಹೇಳ್ಬೇಕಾ ನಾನು? ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಕಷ್ಟ ನೋಡಿದ ಜನ ನಾವು. ಗೇರು ತೋಟದ ಮೇಲೆ ಹೆಲಿಕಾಪ್ಟರಲ್ಲಿ ವರ್ಷ ವರ್ಷ ಬಿಟ್ರು, ಎರಡು ದಶಕ ಬಿಟ್ರು. ಟ್ರೌಟ್ ಮೀನಿನ ಮೇಲೆ 96 ಗಂಟೆಯ ಟೆಸ್ಟಲ್ಲಿ ಎಂಡೋಸಲ್ಫಾನಿನ ಸಂಖ್ಯೆ ಎಷ್ಟು ಗೊತ್ತುಂಟಾ? ಲೀಟರಿಗೆ ಹೆಚ್ಚು ಕಡಿಮೆ ಒಂದು ಮೈಕ್ರೋಗ್ರಾಂ. ಅಂದ್ರೆ ಒಂದು ಗ್ರಾಂ ಮದ್ದು ಹತ್ತು ಲಕ್ಷ ಲೀಟರ್ ನೀರಿಗೆ, ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲಾರಿ ಎಂಬತ್ತಕ್ಕಿಂತ ಹೆಚ್ಚು, ಸಾಲಾಗಿ ನಿಲ್ಲಿಸಿದ್ರೆ ನಮ್ಮ ಪೇಟೆ ಬ್ಲಾಕ್. ಅಷ್ಟೂ ನೀರಿಗೆ ಒಂದು ಗ್ರಾಂ ಸಾಕು, ಅರ್ಧ ಮೀನು ಹೋಗ್ತದೆ. ಮೀನು ಮೊದಲೇ ಹೇಳಿತ್ತು. ನಮ್ಮ ಎಣ್ಮಕಜೆ, ಸ್ವರ್ಗ ಕಡೆಯ ಹಿರಿಯರು ತೋಡಿನ ಮೀನು, ಜೇನು ಸಾಯುವುದನ್ನು ಹೇಳ್ತಾ ಇದ್ರು. ಆಗಲೂ ಇದೇ ಮಾತು, ಮನುಷ್ಯರು ಸಾಯ್ಲಿಲ್ಲವಲ್ಲ, ಮತ್ತೆಂತ ಅಂತ. ಕೂಡ್ಲೆ ಸಾಯ್ಲಿಲ್ಲ ಹೌದು! ಆಮೇಲೆ ಆ ಊರುಗಳಲ್ಲಿ ಕಾಯಿಲೆ, ವೈಕಲ್ಯದಿಂದ ನರಳಿದ ಮಕ್ಕಳನ್ನು ಯಾರು ನೋಡ್ಲಿಲ್ಲ? 2011ರಲ್ಲಿ ಸುಪ್ರೀಂ ಕೋರ್ಟು ಆ ಮದ್ದನ್ನೇ ಇಡೀ ದೇಶದಲ್ಲಿ ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. ಇಷ್ಟೆಲ್ಲ ಆದ ಊರಲ್ಲಿ ಕೂತು, ನಮ್ಮ ಊರಿನ ಹುಡುಗನೇ, "ಬೆಳಿಗ್ಗೆ ಆರೂ ಜೀವಂತ, ಸೇಫ್" ಅಂತ ಬರೆದ್ರೆ ನನಗೆ ಹೊಟ್ಟೆ ಉರಿಯುವುದಿಲ್ವಾ? ಸಾಯ್ಲಿಲ್ಲ ಅಂದ ಕೂಡ್ಲೆ ಸೇಫ್ ಆಗ್ಲಿಲ್ಲ, ಸಾಯ್ಲಿಲ್ಲ ಅಂದ ಕೂಡ್ಲೆ ಸೇಫ್ ಆಗ್ಲಿಲ್ಲ!

ನಾನು ಅವರಿಗೆ ರಾತ್ರಿಯೇ ರಿಪ್ಲೈ ಹಾಕಿದೆ, ಆ ಆರು ಗಪ್ಪಿ ಈಗ ಹೇಗುಂಟು ಅಂತ. ಬೆಳಿಗ್ಗೆ ಉತ್ತರ ಬಂತು. "ಬಕೆಟ್ ಬೇಕಿತ್ತು ಅಣ್ಣ, ತೋಡಿಗೆ ಬಿಟ್ಟೆ."

ನೀರಿನ ಸಮೇತ! ಆ ನೀಲಿ ನೀರಿನ ಸಮೇತ! ಎಂತ ಹೇಳುವುದು ಇದಕ್ಕೆ. ಅಲ್ಲ, ಎಂತ ಹೇಳುವುದು. ಆ ತೋಡು ಶಿರಿಯ ಹೊಳೆಗೆ ಹೋಗ್ತದೆ, ನನ್ನ ಮನೆಯ ಕೆಳಗಿನ ಕಟ್ಟದಲ್ಲಿ ಬೇಸಿಗೆಗೆ ನಿಲ್ಲುವುದು ಅದೇ ನೀರು, ಮಕ್ಕಳು ಈಜುವುದು ಅದೇ ನೀರಲ್ಲಿ. ನಾನು ಇಷ್ಟು ಹೊತ್ತು 96 ಗಂಟೆ, ಐದು ಟ್ಯಾಂಕು ಅಂತ ಮಾತಾಡಿದ್ದು ಯಾರಿಗೆ?

ಸ್ಕ್ರಿಪ್ಟಲ್ಲಿ ಇನ್ನೂ ಎರಡು ಪೇಜ್ ಉಂಟು, ಜೀಬ್ರಾ ಮೀನಿನ ಮೊಟ್ಟೆಯಲ್ಲಿ ಮಾಡುವ ಟೆಸ್ಟ್ ಬಗ್ಗೆ, ದೊಡ್ಡ ಮೀನು ಕೊಲ್ಲದೆ ನೋಡುವ ದಾರಿ ಅದು, 2013ರಲ್ಲಿ ಬಂದದ್ದು, ಒಳ್ಳೇ ವಿಷಯ, ಇವತ್ತು ಓದುವ ಮನಸ್ಸಿಲ್ಲ. ಆದಿತ್ಯವಾರ ರಾತ್ರಿ ಎಂಟೂವರೆಗೆ ಲೈವ್ ಬರ್ತೇನೆ, ಆಗ ಹೇಳ್ತೇನೆ. ತಮ್ಮ, ನೀನೂ ಬಾ, ಬೈಯುವುದಿಲ್ಲ. ಬರುವ ಮೊದಲು ತೋಡಿಗೆ ಇಳಿದು ಆ ಗಷ್ಟು ಎಲ್ಲಿ ಕೂತಿದೆ ಅಂತ ಒಮ್ಮೆ ನೋಡ್ಕೊಂಡು ಬಾ.