ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ: ಯೂನಿಕೋಡ್‌ನಲ್ಲೇ ಟೈಪ್ ಮಾಡಿ

ಕೇಳುಗರಿಗೆ ನಮಸ್ಕಾರ. ಶಾಲೆಯ ಮೇಷ್ಟ್ರುಗಳು, ಮೇಡಂಗಳು, ಆಫೀಸಿನಲ್ಲಿ ಕೂರುವ ಎಫ್‌ಡಿಎ, ಎಸ್‌ಡಿಎ ಗುಮಾಸ್ತರಿಗೆ ದಿನನಿತ್ಯ ಉಪಯೋಗಕ್ಕೆ ಬರುವ ಕಂಪ್ಯೂಟರ್ ವಿಷಯ ಹೇಳಿ ಅಂತ ಬಾನುಲಿಯವರು ಕರೆದಿದ್ದಾರೆ. ಏಳೆಂಟು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ಒಂದನ್ನು ಮಾತ್ರ ನೀವು ನಾಳೆಯಿಂದಲೇ ಮಾಡಬೇಕು. ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಯೂನಿಕೋಡ್ ಅಂದರೆ ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಒಂದೊಂದು ಖಾಯಂ ನಂಬರ್ ಕೊಡುವ ಪದ್ಧತಿ. ಉಳಿದದ್ದು ಮರೆತರೂ ಪರವಾಗಿಲ್ಲ.

"ನಾವು ನುಡಿಯಲ್ಲೇ ಟೈಪ್ ಮಾಡೋದು ಸರ್, ಕನ್ನಡ ಚೆನ್ನಾಗೇ ಬರುತ್ತಲ್ಲ" ಅಂತ ಪ್ರತಿ ತರಬೇತಿಯಲ್ಲೂ ಯಾರಾದರೂ ಹೇಳುತ್ತಾರೆ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ನಿಮ್ಮ ಪರದೆಯ ಮೇಲೆ ಬರುತ್ತದೆ, ಒಪ್ಪಿದೆ. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಆಫೀಸಿನ ಪರದೆಯ ಮೇಲೆ ಬರುತ್ತದಾ? ಮಗುವಿನ ಅಪ್ಪನ ಮೊಬೈಲಿನಲ್ಲಿ ಬರುತ್ತದಾ?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಹಿಂದೆ ಮಾಮೂಲಿ ಕಂಪ್ಯೂಟರುಗಳಲ್ಲಿ ಕನ್ನಡದ ಸ್ವಂತ ನಂಬರ್ ಬಳಸುವ ಅನುಕೂಲ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ನಂಬರನ್ನೇ ತೆಗೆದುಕೊಂಡು, ಫಾಂಟಿನಲ್ಲಿ, ಅಂದರೆ ಅಕ್ಷರದ ಆಕಾರಗಳಿರುವ ಫೈಲಿನಲ್ಲಿ, ಅವುಗಳ ಜಾಗಕ್ಕೆ ಕನ್ನಡದ ಆಕಾರ ಬರೆದರು. ಹಳೆಯ ನುಡಿ ಫಾಂಟ್, 'ಬರಹ' ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಹಳೆಯ ಫಾಂಟ್ ಎಲ್ಲ ಇದೇ ತರಹ. ಬಯಲಾಟದ ಭೀಮನ ಹಾಗೆ, ವೇಷ ಇರುವ ತನಕ ಭೀಮ. ಆ ಕಾಲಕ್ಕೆ ಅದು ದೊಡ್ಡ ಕೆಲಸ, ನಾನು ಹಗುರ ಮಾಡುತ್ತಿಲ್ಲ. ಆದರೆ 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. 3200ರಿಂದ 3327ರವರೆಗಿನ ನಂಬರುಗಳು ಕನ್ನಡಕ್ಕೇ ಮೀಸಲು. ಅದರಲ್ಲಿ 'ಕ' ಅಕ್ಷರದ್ದು 3221. ನಿಮ್ಮ ಶಾಲೆಯಲ್ಲೂ ಅದೇ, ಅಮೆರಿಕದಲ್ಲೂ ಅದೇ, ಮೊಬೈಲಿನಲ್ಲೂ ಅದೇ. ಇಷ್ಟು ವರ್ಷ ಆದಮೇಲೂ ನಾವು ಹಳೆಯ ಫಾಂಟ್ ಹಿಡಿದುಕೊಂಡು ಕೂತರೆ ಹೇಗೆ ಹೇಳಿ?

ಒಂದು ಘಟನೆ ಹೇಳುತ್ತೇನೆ. ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನೂರು ವರ್ಷ ತುಂಬಿತು. ಸ್ಮರಣ ಸಂಚಿಕೆ ತರಬೇಕು, ಅದರಲ್ಲಿ ಇಲ್ಲಿಯವರೆಗೆ ಓದಿದ ಎಲ್ಲ ಮಕ್ಕಳ ಹೆಸರು ಇರಬೇಕು ಅಂತ ಮುಖ್ಯಶಿಕ್ಷಕಿಗೆ ಆಸೆ. ಬೀರುವಿನಿಂದ ಹಳೆಯ ಅಡ್ಮಿಷನ್ ರಿಜಿಸ್ಟರುಗಳನ್ನು ಇಳಿಸಿದರು. ಶಾಯಿ ಮಾಸಿದ ಪುಟ, ಗೆದ್ದಲು ಹಿಡಿದ ಅಂಚು. ಊರಿನ ಹಿರಿಯರನ್ನು ಕೂರಿಸಿಕೊಂಡು ಹಳೆಯ ಮೋಡಿ ಬರಹ ಓದಿಸಿ, ಬೇಸಿಗೆ ರಜೆಯೆಲ್ಲ ಎಕ್ಸೆಲ್‌ನಲ್ಲಿ ಹೆಸರು ಹೊಡೆದರು. ಯಾವುದರಲ್ಲಿ? ಹಳೆಯ ನುಡಿ ಫಾಂಟಿನಲ್ಲಿ.

ಮೊದಲ ಪೆಟ್ಟು ಬಿದ್ದಿದ್ದು ಹೆಸರುಗಳನ್ನು ಅ, ಆ, ಇ, ಈ ಕ್ರಮಕ್ಕೆ ಜೋಡಿಸಲು ಹೋದಾಗ. ಸಾರ್ಟ್ ಬಟನ್ ಒತ್ತಿದರೆ ಬಸವರಾಜ, ನಂಜಪ್ಪ, ಪುಟ್ಟಮ್ಮ ಮೇಲೆ ಬಂದು ಕೂತರು. ಅನಸೂಯ ಎಲ್ಲೋ ಕೆಳಗೆ. ಎಕ್ಸೆಲ್‌ಗೆ ಅಲ್ಲಿ ಕನ್ನಡ ಕಾಣುವುದೇ ಇಲ್ಲ. ಆ ಫಾಂಟಿನಲ್ಲಿ 'ನ' ಶುರುವಾಗುವುದು ಪೌಂಡ್ ಗುರುತಿನಿಂದ, 'ಪ' ಜಪಾನಿನ ಯೆನ್ ಗುರುತಿನಿಂದ. 'ಅ' ಅಂದರೆ ಇಂಗ್ಲಿಷಿನ ಸಿ. ಗುರುತುಗಳು ಮೊದಲು, ಅಕ್ಷರಗಳು ಆಮೇಲೆ. ಎಕ್ಸೆಲ್ ತನ್ನ ಲೆಕ್ಕದಲ್ಲಿ ಸರಿಯಾಗೇ ಜೋಡಿಸಿತ್ತು! ಪಾಪ, ಮೇಡಂ ಒಂದೊಂದೇ ಸಾಲು ಕತ್ತರಿಸಿ, ಅಂಟಿಸಿ, ಕೈಯಲ್ಲೇ ಜೋಡಿಸಿದರು.

ಆಮೇಲೆ ಶಾಲೆಯ ಕಂಪ್ಯೂಟರ್ ಕೆಟ್ಟಿತು. ಅಂಗಡಿಯವನು ಫೈಲುಗಳನ್ನೆಲ್ಲ ತೆಗೆದಿಟ್ಟು, ಹೊಸದಾಗಿ ವಿಂಡೋಸ್ ಹಾಕಿ, ಮತ್ತೆ ಫೈಲು ತುಂಬಿಕೊಟ್ಟ. ಫಾಂಟ್ ಹಾಕಲಿಲ್ಲ. ಫೈಲು ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕೇಳಿದ್ದಕ್ಕೆ ಅವನು "ವೈರಸ್ ಹೊಡೆದಿದೆ ಮೇಡಂ, ಹೊಸದಾಗಿ ಟೈಪ್ ಮಾಡ್ಕೊಳ್ಳಿ" ಅಂದನಂತೆ. ಅಷ್ಟು ಹೇಳಿದ್ದಕ್ಕೂ ದುಡ್ಡು ತೆಗೆದುಕೊಂಡ.

ಮೇಡಂ ನನಗೆ ಫೋನ್ ಮಾಡಿದಾಗ ಅಳುವುದೊಂದು ಬಾಕಿ. "ತಲೆಬರಹ ಓದಿ ಮೇಡಂ" ಅಂದೆ.

"ಏನು ಓದೋದು ಸರ್? ಪಿ ಇದೆ. ತಲೆ ಮೇಲೆ ಗೀಟಿರೋ ಎ ಇದೆ. ಪೌಂಡ್ ಗುರುತು. ಮತ್ತೆ ಅದೇ ಎ. ಬಿ ತರಹದ್ದೊಂದು. ಕ್ಯೂ..."

"ಸಾಕು ಮೇಡಂ. ಅದು 'ಕನ್ನಡ' ಅಂತ ಇದೆ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ನಿಮಗೆ ಹೇಗೆ ಗೊತ್ತಾಯ್ತು ಸರ್?" ಇಂಥವನ್ನು ನೋಡಿ ನೋಡಿ ನನಗೆ ಬಾಯಿಪಾಠ ಆಗಿದೆ, ಅಷ್ಟೇ. ಅಕ್ಷರ ಎಲ್ಲೂ ಹೋಗಿರಲಿಲ್ಲ. ಫಾಂಟ್ ಹಾಕಿದರೆ ಮತ್ತೆ ಕಾಣುತ್ತಿತ್ತು. ಆದರೆ ನಾನು ಬಿಡಲಿಲ್ಲ. ಪರಿವರ್ತಕದಲ್ಲಿ ಹಾಕಿ ಇಡೀ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಾಯಿಸಿಕೊಟ್ಟೆ. ಅಲ್ಲಲ್ಲಿ ಅರ್ಕಾವತ್ತು ಸರಿ ಮಾಡಬೇಕಾಯಿತು. ಪಟ್ಟಿ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹೋಯಿತು. ಎಲ್ಲರ ಮೊಬೈಲಿನಲ್ಲೂ ತೆರೆಯಿತು. ಒಬ್ಬರು ತಮ್ಮ ತಂದೆಯ ಹೆಸರು ಹುಡುಕಿ, ಇನಿಷಿಯಲ್ ತಪ್ಪಾಗಿದೆ ಅಂತ ಗಲಾಟೆಯನ್ನೂ ತೆಗೆದರು. ಹುಡುಕಿದರೆ ಸಿಕ್ಕಿತಲ್ಲ, ನನಗೆ ಅದೇ ಖುಷಿ!

ಈಗ ಮಾಡುವುದು ಹೇಗೆ? ನುಡಿ ಬಿಡಬೇಕಾಗಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಳ್ಳಿ. ಕೀಲಿಮಣೆ ಅದೇ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಒತ್ತಕ್ಷರಕ್ಕೆ ಎಫ್ ಒತ್ತುವ ನಿಮ್ಮ ಬೆರಳಿನ ಅಭ್ಯಾಸ ಏನೂ ಕೆಡುವುದಿಲ್ಲ. ನುಡಿ ಇಲ್ಲದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಅನ್ನುವ ಕಡೆ ಹೋಗಿ ಕನ್ನಡ ಸೇರಿಸಿ. ಆಮೇಲೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡ, ಕನ್ನಡದಿಂದ ಇಂಗ್ಲಿಷ್.

ನಿಮ್ಮ ಹಳೆಯ ಫೈಲು ಯಾವುದರಲ್ಲಿದೆ ಅಂತ ನೋಡಬೇಕಾ? ಒಂದು ಸಾಲು ಆರಿಸಿ, ಫಾಂಟನ್ನು ಏರಿಯಲ್ ಮಾಡಿ. ಕನ್ನಡ ಹಾಗೇ ನಿಂತರೆ ಯೂನಿಕೋಡ್. ಪಿ, ಕ್ಯೂ, ಪೌಂಡ್ ಗುರುತು ಬಂದರೆ ಇವತ್ತೇ ಪರಿವರ್ತಕದಲ್ಲಿ ಹಾಕಿ ಬದಲಾಯಿಸಿ. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯ ನಡಾವಳಿ, ಬಿಸಿಯೂಟದ ಪತ್ರ, ಪ್ರಶ್ನೆಪತ್ರಿಕೆ, ಎಲ್ಲವನ್ನೂ. "ಡಿಟಿಪಿ ಅಂಗಡಿಯವರು ಪೇಜ್‌ಮೇಕರ್‌ಗೆ ಹಳೆಯ ನುಡಿಯೇ ಬೇಕು ಅಂತಾರೆ" ಅನ್ನಬೇಡಿ. ಪುಟ ಜೋಡಿಸುವ ಆ ಪೇಜ್‌ಮೇಕರ್ ಸಾಫ್ಟ್‌ವೇರಿಗೆ ಯೂನಿಕೋಡ್ ತಿಳಿಯುವುದಿಲ್ಲ, ನಿಜ. ಅವರಿಗೆ ಬೇಕಾದರೆ ಅವರೇ ಬದಲಾಯಿಸಿಕೊಳ್ಳಲಿ. ಅಂಗಡಿಯವರ ಅನುಕೂಲಕ್ಕೆ ಶಾಲೆಯ ದಾಖಲೆ ಯಾಕೆ ಕೆಡಬೇಕು?

ಕೈ ತೋರಿಸುತ್ತಿದ್ದಾರೆ, ಸಮಯ ಆಯಿತು ಅಂತ. ಉಳಿದದ್ದನ್ನು ಓಡಿಸಿಬಿಡುತ್ತೇನೆ. ಟೈಪ್ ಮಾಡುವಾಗ ಆಗಾಗ ಕಂಟ್ರೋಲ್ ಎಸ್ ಒತ್ತಿ, ನಮ್ಮ ಕರೆಂಟಿನ ವಿಷಯ ಗೊತ್ತಲ್ಲ. ಮಕ್ಕಳ ದಾಖಲೆ ಇರುವ ಸ್ಯಾಟ್ಸ್ ಜಾಲತಾಣದ ಪಾಸ್‌ವರ್ಡನ್ನು ಮಾನಿಟರಿಗೆ ಚೀಟಿ ಮಾಡಿ ಅಂಟಿಸಬೇಡಿ, ಮಕ್ಕಳು ನಮಗಿಂತ ಚುರುಕು. ಸೈಬರ್ ಅಂಗಡಿಯಲ್ಲಿ ಮೇಲ್ ತೆರೆದರೆ ಲಾಗ್ ಔಟ್ ಮಾಡಿಯೇ ಏಳಿ. ಫೈಲಿಗೆ 'ನ್ಯೂ', 'ನ್ಯೂ ಒನ್', 'ಫೈನಲ್ ನ್ಯೂ' ಅಂತ ಹೆಸರಿಡುವುದನ್ನು ದಯವಿಟ್ಟು ನಿಲ್ಲಿಸಿ. ಏನಿದೆಯೋ ಅದನ್ನೇ ಬರೆಯಿರಿ, 'ಏಳನೇ ತರಗತಿ ಹಾಜರಾತಿ ಜೂನ್' ಅಂತ. ಕನ್ನಡದಲ್ಲೇ ಬರೆಯಿರಿ, ವಿಂಡೋಸ್ ತೆಗೆದುಕೊಳ್ಳುತ್ತದೆ. ಯೂನಿಕೋಡ್ ಆಗಿದ್ದರೆ ಮಾತ್ರ ಮತ್ತೆ! ಪ್ರಿಂಟರ್ ವಿಷಯ ಇನ್ನೊಮ್ಮೆ ಕರೆದರೆ ಹೇಳುತ್ತೇನೆ, ಅದು ಸಣ್ಣ ಕಥೆಯಲ್ಲ. ನಮಸ್ಕಾರ.