ಹರ್ಪಿಸ್ ವೈರಸ್ ಗುಳಿಗಿಗೆ ಜಗ್ಗದಿದ್ರ

ಎಲ್ಲರಿಗೂ ನಮಸ್ಕಾರ್ರೀ. ಹರ್ಪಿಸ್ ಅಂದ್ರ ನಮ್ಮ ರಾಯಚೂರಾಗ ಭಾಳ ಮಂದಿಗೆ ತಿಳ್ಯಂಗಿಲ್ಲ, ಸರ್ಪಸುತ್ತು ಅಂದ್ರ ಎಲ್ಲರಿಗೂ ಗೊತ್ತು, ಕೆಮ್ಮಣ್ಣು ಹಚ್ಚಿ ಕುಂಡ್ರಿಸಿ ತಲಿ ಬಾಲ ಕೂಡಿದ್ರ ಮುಗೀತು ಅಂತ ಹೆದರಿಸೋರು ಇನ್ನೂ ಅದಾರ. ಅದೆಲ್ಲ ಸುಳ್ಳು, ಗುಳ್ಳಿ ಎದ್ದ 72 ತಾಸಿನೊಳಗ ಗುಳಿಗಿ ಚಾಲೂ ಮಾಡ್ರಿ. ತುಟಿ ಮ್ಯಾಲಿನ ಗುಳ್ಳಿನೂ ಇದೇ ಕುಟುಂಬದ ಇನ್ನೊಂದು ವೈರಸ್ಸಿಂದು.

ಎರಡಕ್ಕೂ ಹಳೆ ಮದ್ದು ಅಸೈಕ್ಲೊವಿರ್. ಅದರ ಹಿಂದಿದ್ದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಾಗ ನೊಬೆಲ್ ಬಂತು. ಮಜಾ ಏನಂದ್ರ ಈ ಗುಳಿಗಿ ತಾನಾಗೇ ಏನೂ ಮಾಡಂಗಿಲ್ಲ, ವೈರಸ್ಸಿನ ಥೈಮಿಡಿನ್ ಕೈನೇಸ್ ಅನ್ನೋ ಕಿಣ್ವನೇ ಅದಕ್ಕ ಮೊದಲ ಫಾಸ್ಫೇಟ್ ಅಂಟಸಬೇಕು, ಆಮ್ಯಾಲೆ ಅದು ವೈರಸ್ಸಿನ ಡಿಎನ್‌ಎ ಬೆಳ್ಯೋದನ್ನ ನಿಲ್ಲಸ್ತದ. ಆ ಕಿಣ್ವನೇ ಕೆಟ್ಟೋಗಿರೋ ವೈರಸ್ ಬಂದ್ರ? ಗುಳಿಗಿ ನಡ್ಯಂಗಿಲ್ಲ. ರೆಸಿಸ್ಟನ್ಸ್, ಅಂದ್ರ ವೈರಸ್ ಗುಳಿಗಿಗೆ ಜಗ್ಗದ ಕೇಸಿನಾಗ ಸುಮಾರು ನೂರಕ್ಕ 95 ಇದೇ ಗುಂಪಿನವು. ಗಟ್ಟಿಮುಟ್ಟ ಇದ್ದೋರಿಗೆ ಇದು ಅಪರೂಪ, ಆದ್ರ ಬೋನ್ ಮ್ಯಾರೋ ಹಾಕಿಸ್ಕೊಂಡೋರು, ಎಚ್‌ಐವಿ ಮುಂದುವರದೋರು, ಇವರಿಗೆ ಇಂಥ ವೈರಸ್ ಬಂದ್ರ ಹುಣ್ಣು ಮಾಯಂಗಿಲ್ಲ. ಆಗ ಫಾಸ್ಕಾರ್ನೆಟ್ ಅಂತ ಡ್ರಿಪ್ ಹಚ್ತಾರ, ಅದು ಕಿಡ್ನಿಗೆ ಹೊಡ್ತ.

ಅದಕ್ಕ ಹೊಸ ಕಂಪೌಂಡ್, ಅಂದ್ರ ಮದ್ದಾಗಬಹುದಾದ ರಾಸಾಯನಿಕದ ಹುಡುಕಾಟ. ಟೆಸ್ಟ್ ಹೆಂಗಂದ್ರ, ಸಣ್ಣ ಸಣ್ಣ ಗುಂಡಿ ಇರೋ ಪ್ಲಾಸ್ಟಿಕ್ ತಟ್ಟಿ, ಅದರಾಗ ವೀರೋ ಅಂತ ಮಂಗ್ಯಾನ ಕಿಡ್ನಿ ಜೀವಕೋಶ ತಳಕ್ಕ ಹಾಸಿದಂಗ ಬೆಳಸ್ತಾರ, ವೈರಸ್ ಅಳತಿ ಮಾಡಿ ಹಾಕಿ ಒಂದೊಂದು ಗುಂಡಿಗೆ ಕಂಪೌಂಡ್ ಕಮ್ಮಿ-ಜಾಸ್ತಿ ಮಾಡ್ಕೋತ ಹೋಗ್ತಾರ, ಎರಡ್ಮೂರು ದಿನಕ್ಕ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿದ್ರ ಎಲ್ಲ ನೇರಳಿ ಆಗಿ ವೈರಸ್ ತಿಂದ ಜಾಗ ಅಷ್ಟ ಬಿಳಿ ಚುಕ್ಕಿ ಕಾಣಸ್ತದ. ಆ ಚುಕ್ಕಿ ಎಣಿಸೋದು. ಚುಕ್ಕಿ ಅರ್ಧಕ್ಕ ಇಳ್ಯಾಕ ಎಷ್ಟು ಕಂಪೌಂಡ್ ಬೇಕು ಅನ್ನೋದೇ ಲೆಕ್ಕ. ಪಕ್ಕದಾಗ ಅಸೈಕ್ಲೊವಿರ್‌ಗೆ ಜಗ್ಗೋ ವೈರಸ್ಸೂ ಇರಬೇಕು, ಜಗ್ಗದ್ದೂ ಇರಬೇಕು, ಎರಡರ ಮ್ಯಾಲೂ ಸರಿಸಮ ಕೆಲಸ ಮಾಡಿದ್ರ ಮಾತ್ರ ನನಗ ಆಸೆ ಹುಟ್ತದ.

ಇಲ್ಲೇ ಭಾಳ ಮಂದಿ ಮೋಸ ಹೋಗ್ತಾರ ನೋಡ್ರಿ. ಹತ್ತಿ ಹೊಲಕ್ಕ ಎಣ್ಣಿ ಹೊಡದಾಗ ಹುಳನೂ ಸತ್ತು ಗಿಡನೂ ಸುಟ್ಟ್ರ ಅದಕ್ಕ ಔಷಧಿ ಅಂತೀರೇನು? ವೈರಸ್ ಇಲ್ಲದ ಜೀವಕೋಶ ಎಷ್ಟಕ್ಕ ಸಾಯ್ತಾವ ಅಂತನೂ ಬ್ಯಾರೆ ತಟ್ಟಿನಾಗ ನೋಡಬೇಕು, ಆ ಎರಡು ಅಂಕಿ ನಡುವಿನ ಅಂತರ ದೊಡ್ಡದಿರಬೇಕು. "ವೈರಸ್ ಕೊಂದಿತು" ಅಂತ ಪೇಪರಿನಾಗ ಬಂದಾಗೆಲ್ಲ ನಾನು ಮೊದಲು ಇದನ್ನ ಹುಡುಕ್ತೀನಿ, ಎಷ್ಟೋ ಸಲ ಇರಂಗೇ ಇಲ್ಲ.

ಈಗ ಜೋರಿರೋದು ಹೆಲಿಕೇಸ್-ಪ್ರೈಮೇಸ್ ತಡಿಯೋ ಮದ್ದಿನ ಗುಂಪು. ಇವು ಡಿಎನ್‌ಎ ಎಳಿ ಬಿಚ್ಚೋ ಕಿಣ್ವಕ್ಕೇ ಕೈ ಹಾಕ್ತಾವ, ಥೈಮಿಡಿನ್ ಕೈನೇಸ್ ಇದ್ರೇನು ಬಿಟ್ರೇನು. ಈ ಗುಂಪಿನ ಅಮೆನಮೆವಿರ್‌ಗೆ ಜಪಾನಿನಾಗ 2017ರಾಗ ಸರ್ಪಸುತ್ತಿಗೆ ಒಪ್ಪಿಗಿ ಸಿಕ್ಕದ. ಇದೇ ಗುಂಪಿನ ಪ್ರಿಟೆಲಿವಿರ್ ಬಾಯಿಲೆ ನುಂಗೋ ಗುಳಿಗಿ, ಅದನ್ನ ಫಾಸ್ಕಾರ್ನೆಟ್ ಎದುರಿಗೇ ಇಟ್ಟು ರೋಗಿಗಳ ಮ್ಯಾಲೆ ಟ್ರಯಲ್ ಮಾಡ್ಯಾರ. ಆದ್ರ ಇವಕ್ಕೂ ಜಗ್ಗದ ವೈರಸ್ ಹುಟ್ತಾವ, ಅದಕ್ಕ ಲ್ಯಾಬಿನಾಗ ಬೇಕಂತಲೇ ಡೋಸ್ ಏರಿಸ್ಕೋತ ವೈರಸ್ ಬೆಳಸಿ ಯಾವ ಜೀನ್ ಬದಲಾತು ಅಂತ ಓದ್ತಾರ. ಅದನ್ನ ಮಾಡದೇ ತಂದ ಕಂಪೌಂಡ್ ಸುದ್ದಿ ನಾನಂತೂ ಅರ್ಧ ಕಿವಿಲೆ ಕೇಳ್ತೀನಿ. ಈಗ ನೀವು ಕೇಳ್ರಿ, ಮೈಕ್ ಹಿಂದಕ ಕೊಡ್ರಪಾ.