ಅಜ್ಜಿ ರಸ್ತೆ ದಾಟುವಷ್ಟು ಹೊತ್ತು

ಕೇಳುಗರೇ, ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಹಿರಿಯರು ಈಗ ಶಿವಮೊಗ್ಗದಲ್ಲಿ ಮಕ್ಕಳ ಜೊತೆ ಇದ್ದಾರೆ. ಊರಲ್ಲಿ ದಿನಾ ತೋಟ ಸುತ್ತಿ ಬರುತ್ತಿದ್ದವರು ಇಲ್ಲಿ ಗೇಟು ದಾಟುವುದೇ ಅಪರೂಪ. ವಯಸ್ಸಾಯಿತು, ಕಾಲಲ್ಲಿ ಶಕ್ತಿ ಇಲ್ಲ ಅಂದುಕೊಂಡು ನಾವೂ ಸುಮ್ಮನಾಗುತ್ತೇವೆ. ರಸ್ತೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ, ಅಲ್ವಾ?

ಬ್ರಿಟನ್ನಿನಲ್ಲಿ ಇದನ್ನು ಅಳೆದು ನೋಡಿದ್ದಾರೆ. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂಬ ಲೆಕ್ಕದಲ್ಲಿ ಅಲ್ಲಿ ಸಿಗ್ನಲ್ ಹೊಂದಿಸುತ್ತಿದ್ದರು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 65 ದಾಟಿದ ಗಂಡಸರ ಸರಾಸರಿ ವೇಗ 0.9 ಮೀಟರ್, ಹೆಂಗಸರದು 0.8 ಮೀಟರ್ ಎಂದು ಕಂಡಿತು. ಹನ್ನೆರಡು ಮೀಟರ್ ಅಗಲದ ರಸ್ತೆ ಇದೆ ಅನ್ನಿ. ಸಿಗ್ನಲ್ ಲೆಕ್ಕದಲ್ಲಿ 10 ಸೆಕೆಂಡು ಸಾಕು. ಅಜ್ಜಿಗೆ 15 ಬೇಕು. ಆ ಐದು ಸೆಕೆಂಡು ಅವರು ಬಸ್ಸು, ಬೈಕುಗಳ ಎದುರು ನಿಂತಿರುತ್ತಾರೆ.

ಸಿಂಗಾಪುರದಲ್ಲಿ 2009ರಿಂದ ಇದಕ್ಕೊಂದು ದಾರಿ ಮಾಡಿದ್ದಾರೆ. ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ ಇನ್ನಷ್ಟು ಹೊತ್ತು ಉರಿಯುತ್ತದೆ.

ನಮ್ಮಲ್ಲಿ ಸಿಗ್ನಲ್ಲಿಗಿಂತ ಮೊದಲು ಮಳೆಯ ಮಾತು ಬರಬೇಕು. ಜೂನ್ ಕಳೆಯುವಷ್ಟರಲ್ಲಿ ಕಲ್ಲುಹಾಸಿನ ಮೇಲೆ ಹಾವಸೆ ಕಟ್ಟುತ್ತದೆ. ಒಮ್ಮೆ ಜಾರಿದವರಿಗೆ ಭಯ ಹಿಡಿಯುತ್ತದೆ. ಭಯಕ್ಕೆ ನಡಿಗೆ ಕಡಿಮೆಯಾಗುತ್ತದೆ. ನಡಿಗೆ ನಿಂತರೆ ಸ್ನಾಯು ಸೊರಗಿ, ಬೀಳುವ ಸಾಧ್ಯತೆ ಇನ್ನೂ ಜಾಸ್ತಿ. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನಂತೆ ಓಡಾಡುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಕೈಪಿಡಿ ತಂದಿತು. ಅದಕ್ಕೆ 33 ನಗರಗಳಲ್ಲಿ ಹಿರಿಯರನ್ನೇ ಕೂರಿಸಿ ಕೇಳಿದ್ದರು. ನಮ್ಮ ದೆಹಲಿ, ಉದಯಪುರವೂ ಅದರಲ್ಲಿದ್ದವು. ಆ ಕೈಪಿಡಿ ತೆಗೆದರೆ ಸಿಗುವುದು ದುಬಾರಿ ಯಂತ್ರಗಳ ಪಟ್ಟಿಯಲ್ಲ. ಕೂರಲು ಬೆಂಚು, ಶುಚಿಯಾದ ಶೌಚಾಲಯ, ಹತ್ತಲು ಸುಲಭವಾದ ಬಸ್ಸು, ತಗ್ಗುದಿಣ್ಣೆ ಇಲ್ಲದ ಫುಟ್‌ಪಾತ್. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಕೇಳಿದ ರೀತಿ. ಮೂತ್ರಕ್ಕೆ ಎಲ್ಲಿ ಹೋಗುವುದು ಎಂಬ ಸಂಕೋಚಕ್ಕೇ ಪೇಟೆಗೆ ಬರದ ಅಮ್ಮಂದಿರು ನಮ್ಮಲ್ಲಿ ಎಷ್ಟಿದ್ದಾರೆ! ಅವರನ್ನು ಕೇಳದೆ ಇದು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

ಈ ಕೆಲಸ ಶಿವಮೊಗ್ಗದಲ್ಲೂ ಆಗಬೇಕು. ಕಾಲೇಜು ಮಕ್ಕಳು ಗೋಪಿ ಸರ್ಕಲ್, ದುರ್ಗಿಗುಡಿ, ಗಾಂಧಿ ಬಜಾರಿನಲ್ಲಿ ಹಿರಿಯರ ಜೊತೆ ನಡೆಯಲಿ. ದಾಟಲು ಎಷ್ಟು ಸೆಕೆಂಡು ಬೇಕಾಯಿತು, ಎಲ್ಲಿ ಕಾಲು ಜಾರಿತು, ಎಲ್ಲಿ ಕೂರಬೇಕು ಅನಿಸಿತು, ಎಲ್ಲವನ್ನೂ ಬರೆದು ಮಹಾನಗರ ಪಾಲಿಕೆಗೆ ಕೊಡಲಿ. ಮಳೆಗಾಲದಲ್ಲೇ ನಡೆಯಲಿ. ಬೇಸಿಗೆಯಲ್ಲಿ ಅಳೆದರೆ ಅರ್ಧ ಸತ್ಯವಷ್ಟೇ ಸಿಗುತ್ತದೆ.

ನಮಸ್ಕಾರ.